ಬಾಡಿಗೆ ಮನೆಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಆದರೆ ಬಾಡಿಗೆಗೆಂದು ಕಟ್ಟುವ ಮನೆ ವಾಸಕ್ಕೆಂದು ಕಟ್ಟುವ ಮನೆಯಂತಲ್ಲ, ಅದೊಂದು ವ್ಯಾಪಾರ. ಹೊಸಹೊಳಲಿಗೆ ತಾಲ್ಲೂಕು ಕೇಂದ್ರವಾದ ಕೃಷ್ಣರಾಜಪೇಟೆ ಸಮೀಪದಲ್ಲಿಯೇ ಇರುವುದರಿಂದ, ಅಲ್ಲಿಯ ಕಚೇರಿ, ಶಾಲೆಗಳ ನೌಕರರು ಬಾಡಿಗೆಗೆ ಬಂದಾರೆಂದು ನಂಬಿ ನಮ್ಮ ತಂದೆಯವರು ಸ್ವಂತ ನಿವೇಶನದಲ್ಲಿ ಎರಡು ಸಣ್ಣ ಮನೆಗಳನ್ನು ಕಟ್ಟಿಸಲು ಹೊರಟರು. ಅವರ ಲೆಕ್ಕವನ್ನು, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ, ಇಲ್ಲಿ ಕೊಡುತ್ತೇನೆ.

ಕಟ್ಟಡಕ್ಕೆ ೧೨ ಲಕ್ಷ. ಕೈಯಲ್ಲಿರುವುದು ೪ ಲಕ್ಷ. ಉಳಿದ ೮ ಲಕ್ಷ ಬ್ಯಾಂಕಿನ ಸಾಲ, ಬಡ್ಡಿ ಶೇಕಡಾ ೯, ಅವಧಿ ೧೫ ವರ್ಷ. ತಿಂಗಳ ಕಂತು ೮,೧೧೪ ರೂಪಾಯಿ. ಮನೆಗೆ ೪,೦೦೦ದಂತೆ ಬಾಡಿಗೆ ೮,೦೦೦. "ಕೈಯಿಂದ ಹೋಗುವುದು ತಿಂಗಳಿಗೆ ೧೧೪ ರೂಪಾಯಿ, ಹದಿನೈದು ವರ್ಷಕ್ಕೆ ಮನೆ ನಮ್ಮದು" ಎಂದರು. ಕೇಳಲು ಇದಕ್ಕಿಂತ ಇಂಪಾದ ಮಾತು ಯಾವುದಿದೆ!

ಆದರೆ ಬಾಡಿಗೆ ಹನ್ನೆರಡು ತಿಂಗಳೂ ಬರುವುದಿಲ್ಲ. ನೌಕರರಿಗೆ ವರ್ಗಾವಣೆಯಾಗುತ್ತದೆ. ಮನೆಯೊಂದು ವರ್ಷಕ್ಕೆ ಒಂದು ತಿಂಗಳು ಖಾಲಿ ಬಿದ್ದರೆ ೯೬,೦೦೦ವು ೮೮,೦೦೦ಕ್ಕೆ ಇಳಿಯುವುದು. ಸುಣ್ಣಬಣ್ಣ, ಮೋಟಾರು, ಸೋರುವ ತಾರಸಿ ಇವಕ್ಕೆ ೧೨,೦೦೦ ತೆಗೆದಿಡಬೇಕು. (ನಮ್ಮೂರ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳರ ಕಾಲದಿಂದ ನಿಂತಿದೆ, ನಮ್ಮ ಸಿಮೆಂಟಿಗೆ ಆ ಯೋಗವಿಲ್ಲ.) ಕಂದಾಯ, ನೀರು ಇತ್ಯಾದಿಗೆ ೪,೦೦೦. ಉಳಿದುದು ೭೨,೦೦೦, ಎಂದರೆ ತಿಂಗಳಿಗೆ ೬,೦೦೦. ಆದಾಯ ತೆರಿಗೆಯವರೂ ಬಾಡಿಗೆಯಲ್ಲಿ ಮನೆಕಂದಾಯ ಕಳೆದು, ಉಳಿದುದರಲ್ಲಿ ಶೇಕಡಾ ೩೦ನ್ನು ಬಿಟ್ಟೇ ಲೆಕ್ಕ ಹಿಡಿಯುತ್ತಾರೆ. ಬಂದ ಬಾಡಿಗೆಯೆಲ್ಲ ಲಾಭವಲ್ಲವೆಂಬುದು ಸರ್ಕಾರಕ್ಕೂ ಗೊತ್ತು.

ಈಗ ೮ ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯನ್ನು ನೋಡಿ: ಸರಿಯಾಗಿ ೬,೦೦೦! ಬಾಡಿಗೆ ಬಡ್ಡಿಯನ್ನು ಮಾತ್ರ ಸಾಕುತ್ತದೆ. ಅಸಲಿನ ಪಾಲಾದ ೨,೧೧೪ ರೂಪಾಯಿಗಳನ್ನು ಪ್ರತಿ ತಿಂಗಳೂ ಬೇಸಾಯದಿಂದ ತರಬೇಕು. ಕಬ್ಬಿನ ಹಣ ತಿಂಗಳು ತಿಂಗಳು ಬರುವುದೇ?

"ಹಾಗಾದರೆ ಒಂದು ಮನೆಯನ್ನು ಭೋಗ್ಯಕ್ಕೆ ಕೊಡೋಣ" ಎಂದರು ತಂದೆಯವರು. ಮೂರು ಲಕ್ಷ ಒಟ್ಟಿಗೆ ಬರುವುದು, ಬಾಡಿಗೆ ಇಲ್ಲ, ಮೂರು ವರ್ಷಕ್ಕೆ ಹಣ ವಾಪಸು. ಈ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಪ್ರಿಯ. ಆ ೩ ಲಕ್ಷವನ್ನು ಸಾಲಕ್ಕೇ ಕಟ್ಟಿದರೂ ಉಳಿಯುವ ಬಡ್ಡಿ ಮೊದಲ ವರ್ಷಕ್ಕೆ ೨೭,೦೦೦. ಬಿಟ್ಟುಕೊಟ್ಟ ಬಾಡಿಗೆ, ಖಾಲಿ ತಿಂಗಳು ಕಳೆದು, ೪೪,೦೦೦. ಸರಿಹೊಂದಬೇಕಾದರೆ ಭೋಗ್ಯದ ಹಣ ಸುಮಾರು ೪,೯೦,೦೦೦ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಭೋಗ್ಯದ ಹಣ ಆದಾಯವಲ್ಲ, ಸಾಲ. ಅದನ್ನು ಮದುವೆಗೋ ಕೊಳವೆ ಬಾವಿಗೋ ಸುರಿದವನು ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದಾರನನ್ನು ಹುಡುಕಿಕೊಂಡು ಬೀದಿ ಸುತ್ತಬೇಕಾಗುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯ ಪತ್ರ ನೋಂದಣಿಯಾಗಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಹನ್ನೊಂದು ತಿಂಗಳ ಕರಾರು ಪತ್ರಗಳು ಊರೂರಿನಲ್ಲಿ ಕಾಣಸಿಗುವುದು ಇದೇ ಕಾರಣದಿಂದ.

"ನಿವೇಶನದ ಬೆಲೆ ಏರುವುದಿಲ್ಲವೇ?" ಎಂಬುದು ತಂದೆಯವರ ಕೊನೆಯ ಅಸ್ತ್ರ. ಏರಬಹುದು, ಖಾಲಿ ಬಿಟ್ಟಿದ್ದರೂ ಏರುತ್ತಿತ್ತು. ಏರುವುದು ನೆಲ, ಸವೆಯುವುದು ಗೋಡೆ. ಆ ನೆಲಕ್ಕೆ ೫ ಲಕ್ಷ ಬೆಲೆ ಹಿಡಿದರೆ, ೧೭ ಲಕ್ಷಕ್ಕೆ ೭೨,೦೦೦ ಎಂದರೆ ಶೇಕಡಾ ೪ಕ್ಕಿಂತ ತುಸು ಹೆಚ್ಚು, ಅಷ್ಟೆ.

ಕೊನೆಗೆ ಒಂದೇ ಮನೆಯ ಲೆಕ್ಕ ಹಾಕಿದೆವು. ಖರ್ಚು ೬ ಲಕ್ಷ, ಸಾಲ ೨ ಲಕ್ಷ, ಕಂತು ೨,೦೨೯. ಎಲ್ಲ ಕಳೆದು ಕೈಗೆ ಬರುವ ೩,೦೦೦ದಲ್ಲಿ ಕಂತು ಹೋಗಿ ತಿಂಗಳಿಗೆ ೯೭೧ ಮಿಗುತ್ತದೆ. ವರ್ಷದಲ್ಲಿ ಇನ್ನೆರಡು ತಿಂಗಳು ಮನೆ ಖಾಲಿ ಬಿದ್ದರೂ ಬೇಸಾಯದ ಹಣ ಮುಟ್ಟಬೇಕಾಗಿಲ್ಲ. ತಂದೆಯವರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ಮೇಸ್ತ್ರಿಗೆ ಒಂದೇ ಮನೆಯ ಪಾಯದ ಅಳತೆ ಕೊಟ್ಟರು.