ಹಸುಗೂಸಿಗೆ ನಂಜೇರದಂತೆ: ಬಾಣಂತಿ ಮನೆಗೆ ಕಿವಿಮಾತು

ಮಗಳೇ, ಸರ್ಕಾರ ಆಸ್ಪತ್ರೆ ಕಟ್ಟಿದೆ, ವಾಹನ ಇಟ್ಟಿದೆ, ಮನೆಬಾಗಿಲಿಗೆ ಆಶಾ ಕಾರ್ಯಕರ್ತೆಯನ್ನೂ ಕಳಿಸುತ್ತದೆ. ಆದರೆ ಕೂಸಿನ ರಕ್ತಕ್ಕೆ ನಂಜೇರಿದರೆ ಬೆಳಗ್ಗೆ ಹಾಲು ಕುಡಿದದ್ದು ಸಂಜೆಗೇ ಸೋತು ಮಲಗಬಹುದು. ಗುರುತು ಹಿಡಿಯಬೇಕಾದವರು ಮನೆಯವರು. ಇದನ್ನು ಅಮ್ಮನಿಗೂ ಅತ್ತೆಗೂ ಓದಿ ಹೇಳು.

• ಹೆರಿಗೆಗೆ ತವರಿಗೆ ಹೊರಟರೆ ತಾಯಿ ಕಾರ್ಡ್ ಜೊತೆಗಿರಲಿ. ಗಂಡನ ಊರಿನ ಆಶಾಗೆ ಹೇಳಿ ಹೊರಡು. ತವರೂರಿನ ಆಶಾ ಹತ್ತಿರ ಹೆಸರು ಬರೆಸು. ಇಲ್ಲದಿದ್ದರೆ ಕೂಸು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

• ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಮನೆಗೆ ಬರಬೇಕು. ಮನೆಯಲ್ಲೇ ಆದರೆ ಮೊದಲ ದಿನವೂ. ದೇಶಕ್ಕೆಲ್ಲ ಈ ಕ್ರಮ ಬಂದದ್ದು 2011ರಲ್ಲಿ. ಅದಕ್ಕೂ ಮುಂಚೆ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ್ದರು. ಮೂರನೇ ವರ್ಷಕ್ಕೆ, ಹೋಲಿಕೆಗೆ ಇಟ್ಟುಕೊಂಡ ಬೇರೆ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ತಗ್ಗಿತು.

• ಸೂತಕ, ದೃಷ್ಟಿ ಎಂದು ಮನೆಗೆ ಬಂದ ಆಶಾಳನ್ನು ಜಗಲಿಯಿಂದಲೇ ಸಾಗಹಾಕಬೇಡಿ. ಕೈ ತೊಳೆಯಲು ನೀರು, ಸೋಪು ಕೊಡಿ. ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾಳೆ. ಅಂಗಿ ಎತ್ತಿ, ವಾಚು ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರೆಣಿಸುತ್ತಾಳೆ. 60 ಅಥವಾ ಅದಕ್ಕೂ ಹೆಚ್ಚಾದರೆ ಇನ್ನೊಮ್ಮೆ ಎಣಿಸುತ್ತಾಳೆ. ಆಗಲೂ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಲೇಬೇಕು.

• ಹೊಕ್ಕುಳಿಗೆ ಅರಿಶಿನ, ಹರಳೆಣ್ಣೆ, ಬೂದಿ ಯಾವುದೂ ಬೇಡ. ಒಣಗಿ ತಾನಾಗಿ ಉದುರಲಿ. ಕೀವು ಕಂಡರೆ, ಸುತ್ತ ಕೆಂಪಾದರೆ ತಕ್ಷಣ ತೋರಿಸು.

• ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಜೇನು, ಸಕ್ಕರೆನೀರು, ತೇಯ್ದ ಬಜೆ ನಾಲಿಗೆಗೆ ಮುಟ್ಟಿಸಬೇಡಿ.

• ಕೂಸು ಹಾಲು ಬಿಟ್ಟರೆ, ಅಳು ಕ್ಷೀಣಿಸಿದರೆ, ಕೈಕಾಲು ಜೋತುಬಿದ್ದರೆ, ಹೊಟ್ಟೆ ಉಬ್ಬಿದರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ ಅದು ನಂಜಿರಬಹುದು. ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾದರೂ ಅಪಾಯವೇ. ಬಾಲಗ್ರಹವೆಂದು ತಾಯಿತ ಕಟ್ಟಿಸುತ್ತ ಕೂರಬೇಡಿ. ಹೊಟ್ಟೆಗೆ ಬರೆ ಹಾಕಿಸಿದರೆ ಆ ಗಾಯದಿಂದಲೇ ಮತ್ತಷ್ಟು ನಂಜಾದೀತು.

• ಇಂಥ ಗುರುತು ಕಂಡರೆ ಆಂಬುಲೆನ್ಸ್‌ಗಾಗಿ 108ಕ್ಕೆ ಫೋನ್ ಮಾಡಿ. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಜೆಂಟಾಮೈಸಿನ್ ಮೊದಲ ಡೋಸ್ ಕೊಡಲು ಉಪಕೇಂದ್ರದ ನರ್ಸಮ್ಮನಿಗೆ 2014ರಿಂದ ಅವಕಾಶವಿದೆ. ಇಂಜೆಕ್ಷನ್ ಆಯಿತಲ್ಲ ಎಂದು ಮನೆಗೆ ಮರಳಬೇಡಿ. ನಿಜವಾದ ಚಿಕಿತ್ಸೆ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ. ದಾರಿಯುದ್ದಕ್ಕೂ ಕೂಸನ್ನು ಎದೆಗವಚಿಕೊಂಡೇ ಇರು.

• ದುಡ್ಡಿಗೆ ಹೆದರಬೇಡ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಕಾಯಿಲೆಯ ಕೂಸಿಗೆ ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲ ಉಚಿತ. ಹೆಣ್ಣುಕೂಸಾದರೆ ‘ನಾಳೆ ನೋಡೋಣ’ ಎನ್ನುವವರ ಮಾತು ಕೇಳಬೇಡ.

• ನಿನ್ನ ಮೈಯನ್ನೂ ನೋಡಿಕೋ. ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವು, ಹೊಲಿಗೆಯಲ್ಲಿ ಕೀವು ಕಂಡರೆ ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಕಷಾಯ ಕುಡಿದು ಮಲಗಬೇಡ. ಮೆಡಿಕಲ್ ಅಂಗಡಿಯ ಎರಡು ಮಾತ್ರೆಗೂ ಈ ನಂಜು ಜಗ್ಗುವುದಿಲ್ಲ.

• ಆಸ್ಪತ್ರೆಗೆ ಹೊರಡಲು ಯಾರನ್ನು ಕೇಳಬೇಕು ಎಂಬುದು ಈಗಲೇ ತೀರ್ಮಾನವಾಗಲಿ. ಯಜಮಾನರು ಹೊಲದಿಂದ ಬರಲಿ ಎಂದು ಕಾಯುವ ಕಾಯಿಲೆಯಲ್ಲ ಇದು.