ಎಲೆಯಿಲ್ಲದ ಬೇರು

ಸರ್ಪಗಂಧಿಯ ಔಷಧಸತ್ವವಿರುವುದು ಬೇರಿನಲ್ಲಿ, ಮುಖ್ಯವಾಗಿ ಬೇರಿನ ತೊಗಟೆಯಲ್ಲಿ. ಕಾಸರಗೋಡು, ವಯನಾಡುಗಳ ಮಕ್ಕಳು ಈ ಗಿಡದ ಮಲಯಾಳ ಹೆಸರಾದ ಅಮಲ್ಪೊರಿಯನ್ನು ಕೇಳಿರಬಹುದು. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ; ಬೇರು ಕಿತ್ತರೆ ಗಿಡವೇ ಇಲ್ಲವಾಗುತ್ತದೆ. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಈ ಬೇರಿನಿಂದ ಅಜ್ಮಲೀನನ್ನು ಬೇರ್ಪಡಿಸಿದರು; ಹಕೀಂ ಅಜ್ಮಲ್ ಖಾನರ ಗೌರವಾರ್ಥ ಇಟ್ಟ ಹೆಸರು ಅದು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರಿಸರ್ಪಿನನ್ನು ಬೇರ್ಪಡಿಸಿದರು. ರಕ್ತದೊತ್ತಡದ ಮದ್ದಾಗಿ ಅದಕ್ಕೆ ಬೇಡಿಕೆ ಬಂದಂತೆ ಕಾಡಿನ ಗಿಡಗಳು ಬರಿದಾಗತೊಡಗಿದವು. ಈಗ ಇದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಗಿಡವನ್ನು ಕೊಲ್ಲದೆ ಬೇರನ್ನು ಪಡೆಯುವುದೆಂತು? ಬೇರನ್ನಷ್ಟೇ ಪ್ರಯೋಗಾಲಯದಲ್ಲಿ ಬೆಳೆಸುವುದು ಒಂದು ದಾರಿ. ಇದನ್ನು ಬೋಧಿಸುವ ಮೊದಲು ಶಿಕ್ಷಕರು ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: ಬೇರಿಗೆ ಆಹಾರ ಎಲ್ಲಿಂದ ಬರುತ್ತದೆ? ‘ಮಣ್ಣಿನಿಂದ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಮಣ್ಣು ಕೊಡುವುದು ನೀರು ಮತ್ತು ಲವಣಗಳನ್ನು ಮಾತ್ರ. ಸಕ್ಕರೆ ಬರುವುದು ಎಲೆಯಿಂದ. ಈ ತಪ್ಪು ತಿಳಿವಳಿಕೆಯನ್ನು ತಿದ್ದಲು ಬೇರಿನ ಕೃಷಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಟೊಮೇಟೊ ಬೇರಿನ ತುದಿಯನ್ನು ಕತ್ತರಿಸಿ, ಸೂಕ್ಷ್ಮಜೀವಿಗಳಿಲ್ಲದ ದ್ರಾವಣದಲ್ಲಿಟ್ಟರು. ಅದರಲ್ಲಿ ಲವಣಗಳು, ಸಕ್ಕರೆ ಮತ್ತು ಯೀಸ್ಟ್‌ನ ಸಾರ ಇದ್ದವು. ಬೇರು ಬೆಳೆಯಿತು. ಅದರ ತುದಿಯನ್ನು ಮತ್ತೆ ಕತ್ತರಿಸಿ ಹೊಸ ದ್ರಾವಣಕ್ಕೆ ಹಾಕಿದರೆ ಅದೂ ಬೆಳೆಯಿತು. ಹೀಗೆ ವರ್ಷಗಟ್ಟಲೆ ನಡೆಯಿತು. ಯೀಸ್ಟ್ ಸಾರದ ಬದಲಿಗೆ ಥಯಮಿನ್‌ನಂಥ ಜೀವಸತ್ವಗಳು ಸಾಕೆಂದು ಮುಂದೆ ತಿಳಿದುಬಂತು. ಇಡೀ ಗಿಡದಲ್ಲಿ ಬೇರಿಗೆ ಥಯಮಿನ್ ಒದಗಿಸುವುದೂ ಎಲೆಯೇ. ಎಲೆಯ ಕೆಲಸವನ್ನು ಇಲ್ಲಿ ದ್ರಾವಣ ವಹಿಸಿಕೊಂಡಿತು.

ಔಷಧ ಗಿಡಗಳ ಬೇರುಗಳು ಹೀಗೆ ಬೆಳೆಯುವಾಗ ಬಹಳ ನಿಧಾನ. ಇದಕ್ಕೆ ನೆರವಾದುದು ಅಗ್ರೊಬ್ಯಾಕ್ಟೀರಿಯಂ ರೈಝೊಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯ. ಗಿಡದ ಗಾಯದ ಮೂಲಕ ಅದು ತನ್ನ ಡಿಎನ್‌ಎಯ ತುಣುಕೊಂದನ್ನು ಸಸ್ಯಕೋಶದೊಳಗೆ ಸೇರಿಸುತ್ತದೆ. ಅಲ್ಲಿಂದ ಬೇರುಗಳು ದಟ್ಟವಾಗಿ ಹೊರಡುತ್ತವೆ. ಪ್ರತಿಜೈವಿಕದಿಂದ ಬ್ಯಾಕ್ಟೀರಿಯವನ್ನು ಕೊಂದ ಮೇಲೂ ಆ ಬೇರುಗಳು ಹೊರಗಿನ ಹಾರ್ಮೋನುಗಳ ಹಂಗಿಲ್ಲದೆ ವೇಗವಾಗಿ ಕವಲೊಡೆಯುತ್ತವೆ. ಇವಕ್ಕೆ ಕೇಶಬೇರುಗಳೆಂದು ಹೆಸರು. ಪಠ್ಯಪುಸ್ತಕದ ಬೇರುರೋಮಗಳು ಬೇರೆ. ಮಕ್ಕಳು ಎರಡನ್ನೂ ಒಂದೆಂದು ತಿಳಿಯದಂತೆ ನೋಡಿಕೊಳ್ಳಬೇಕು.

ಬಿಡಿಕೋಶಗಳನ್ನು ಬೆಳೆಸುವುದು ಇನ್ನೂ ಸುಲಭ. ಆದರೂ ಬೇರನ್ನೇ ಏಕೆ ಬೆಳೆಸಬೇಕು? ಅಂಗವಾಗಿ ರೂಪುಗೊಳ್ಳದ ಕೋಶರಾಶಿ ಬೇರಿನ ರಾಸಾಯನಿಕಗಳನ್ನು ತಯಾರಿಸುವುದನ್ನು ಹಲವು ವೇಳೆ ನಿಲ್ಲಿಸಿಬಿಡುತ್ತದೆ. ಬೇರು ಬೇರಾಗಿಯೇ ಉಳಿದರೆ ಆ ಕೆಲಸವೂ ಉಳಿಯುತ್ತದೆ. ಸರ್ಪಗಂಧಿಯ ಕೇಶಬೇರುಗಳಲ್ಲಿ ಅಜ್ಮಲೀನ್, ರಿಸರ್ಪಿನ್‌ಗಳೆರಡೂ ದೊರೆತಿವೆ.

ಆದರೆ ಶಂಕುಪಾತ್ರೆಯಲ್ಲಿ ಆದದ್ದು ದೊಡ್ಡ ತೊಟ್ಟಿಯಲ್ಲಿ ಸುಲಭವಾಗಿ ಆಗುವುದಿಲ್ಲ. ಬೇರುಗಳು ಸಿಕ್ಕುಗಟ್ಟಿ ಒಳಭಾಗಕ್ಕೆ ಆಮ್ಲಜನಕ ತಲುಪದು, ಕಲಕಿದರೆ ಬೇರು ತುಂಡಾಗುತ್ತದೆ, ವೆಚ್ಚವೂ ಹೆಚ್ಚು. ದಕ್ಷಿಣ ಕೊರಿಯಾದಲ್ಲಿ ಜಿನ್‌ಸೆಂಗ್ ಬೇರನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಮಾರುವುದುಂಟು. ಅವು ಹಾರ್ಮೋನಿನಿಂದ ಹೊರಡಿಸಿದ ಬೇರುಗಳು, ಬ್ಯಾಕ್ಟೀರಿಯದಿಂದ ಬಂದವಲ್ಲ.

ತರಗತಿಯಲ್ಲಿ ಬ್ಯಾಕ್ಟೀರಿಯದ ಪ್ರಯೋಗ ಬೇಡ. ದೊಡ್ಡಪತ್ರೆಯ ಎರಡು ಕಡ್ಡಿಗಳನ್ನು, ಒಂದನ್ನು ಎಲೆಸಹಿತ, ಇನ್ನೊಂದನ್ನು ಎಲೆ ಕಿತ್ತು, ನೀರಿನಲ್ಲಿಟ್ಟು ಎರಡು ವಾರ ಬೇರಿನ ಉದ್ದವನ್ನು ಅಳೆಯಿಸಬಹುದು. ಎಲೆಯಿಲ್ಲದ ಕಡ್ಡಿಯಲ್ಲಿ ಅಲ್ಪಸ್ವಲ್ಪ ಬೇರು ಬಂದರೆ ‘ಅದಕ್ಕೆ ಸಕ್ಕರೆ ಎಲ್ಲಿತ್ತು?’ ಎಂದು ಕೇಳಬೇಕು. ಕಾಂಡದ ಸಂಗ್ರಹವನ್ನು ಮಕ್ಕಳೇ ಊಹಿಸಲಿ.

ಮೇಲಿನ ತರಗತಿಯವರಿಗೆ ಅಂಗಳದ ನಿತ್ಯಪುಷ್ಪವನ್ನು ತೋರಿಸಬಹುದು. ಕ್ಯಾನ್ಸರಿಗೆ ಕೊಡುವ ವಿನ್‌ಬ್ಲಾಸ್ಟೀನ್ ಈ ಗಿಡದಲ್ಲಿ ಎರಡು ಅಣುಗಳು ಕೂಡಿ ಆಗುತ್ತದೆ. ಒಂದಾದ ಕ್ಯಾಥರಾಂಥೀನನ್ನು ಬೇರು ತಯಾರಿಸಬಲ್ಲದು. ಇನ್ನೊಂದಾದ ವಿಂಡೊಲೀನ್ ಪೂರ್ಣವಾಗುವುದು ಹಸಿರು ಭಾಗದಲ್ಲಿ ಮಾತ್ರ. ಹಾಗಾದರೆ ಈ ಗಿಡದ ಬೇರನ್ನು ಎಷ್ಟು ಬೆಳೆಸಿದರೂ ಆ ಮದ್ದು ಏಕೆ ದೊರೆಯದು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಮಾತಿನಲ್ಲಿ ಬರೆಯಲಿ.