ದೂರದಿಂದಲೇ ಶ್ರವಣ ಸಾಧನ: ಕೊಳ್ಳುವ ಮುನ್ನ, ಕೊಂಡ ಮೇಲೆ

ಕರೆದರೆ ತಿರುಗಿ ನೋಡುತ್ತಾರೆ, ಹೇಳಿದ್ದು ಮಾತ್ರ ಅರ್ಥವಾಗುವುದಿಲ್ಲ. ಟಿ.ವಿ. ಸದ್ದು ದಿನೇ ದಿನೇ ಏರುತ್ತದೆ. ಹಿರಿಯರಿರುವ ಅನೇಕ ಮನೆಗಳ ಪಾಡಿದು. ಶ್ರವಣ ತಜ್ಞರಾದ ಆಡಿಯಾಲಜಿಸ್ಟ್‌ಗಳು ಹೆಚ್ಚಾಗಿ ಇರುವುದು ನಗರಗಳಲ್ಲಿ. ಪ್ರತಿ ಸಣ್ಣ ಹೊಂದಾಣಿಕೆಗೂ ಊರಿನಿಂದ ಬಸ್ಸು ಹತ್ತಿ ಬರಲಾಗದೆ, ದುಬಾರಿ ಸಾಧನವನ್ನು ಬೀರುವಿನಲ್ಲಿಟ್ಟು ಸುಮ್ಮನಾದವರು ಎಷ್ಟೋ ಮಂದಿ. ವಿಡಿಯೊ ಕರೆಯ ಮೂಲಕವೇ ಸಾಧನವನ್ನು ಹೊಂದಿಸಿಕೊಡುವ ಟೆಲಿ ಸೇವೆ ಇಂಥವರಿಗೆ ದೊಡ್ಡ ಅನುಕೂಲ. ಅದನ್ನು ಬಳಸುವ ಕ್ರಮ ಮಾತ್ರ ಸರಿಯಿರಬೇಕು: ಮೊದಲ ಪರೀಕ್ಷೆ ಮುಖಾಮುಖಿ, ಆಮೇಲಿನ ಆರೈಕೆ ದೂರದಿಂದ.

1. ಮೊದಲು ವೈದ್ಯರಿಗೆ ತೋರಿಸಿ

ಕಿವಿ ದಿಢೀರನೆ ಕೇಳಿಸದಂತಾದರೆ ಅದು ತುರ್ತು ಸ್ಥಿತಿ. ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಬೇಕು. ಕಿವಿ ಸೋರುವಿಕೆ, ನೋವು, ತಲೆಸುತ್ತು, ಒಂದೇ ಕಿವಿಯಲ್ಲಿ ಮೊರೆತ, ಎರಡು ಕಿವಿಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಇದ್ದರೂ ಆನ್‌ಲೈನ್ ಖರೀದಿಗೆ ಕೈಹಾಕಬೇಡಿ. ಗುಗ್ಗೆ ಕಟ್ಟಿಕೊಂಡರೂ ಕಿವಿ ಮಂದವಾಗುತ್ತದೆ. ಅದನ್ನು ತೆಗೆಸಿದರೆ ಸಾಧನವೇ ಬೇಕಾಗದಿರಬಹುದು. ಮಕ್ಕಳ ವಿಷಯದಲ್ಲಂತೂ ತಜ್ಞರ ನೇರ ತಪಾಸಣೆಗೆ ಪರ್ಯಾಯವಿಲ್ಲ.

2. ಆಡಿಯೋಗ್ರಾಂ ಕೈಯಲ್ಲಿರಲಿ

ಸದ್ದು ಒಳಬರದ ಕೋಣೆಯಲ್ಲಿ, ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿ ತಯಾರಿಸುವ ನಕ್ಷೆ ಆಡಿಯೋಗ್ರಾಂ. ವಯಸ್ಕರಲ್ಲಿ ಸದ್ದು ಕೇಳಿಸಲು ಬೇಕಾದ ಕನಿಷ್ಠ ಮಟ್ಟ 26ರಿಂದ 40 ಡೆಸಿಬೆಲ್ ಇದ್ದರೆ ಸಾಮಾನ್ಯವಾಗಿ ಅಲ್ಪ ದೋಷ, 41ರಿಂದ 55 ಮಧ್ಯಮ, 56ರಿಂದ 70 ಮಧ್ಯಮಕ್ಕಿಂತ ಹೆಚ್ಚು, 71ರಿಂದ 90 ತೀವ್ರ, ಅದಕ್ಕೂ ಮೇಲ್ಪಟ್ಟದ್ದು ಅತಿ ತೀವ್ರ ಎಂದು ಲೆಕ್ಕ. ವಯಸ್ಸಾದಂತೆ ಮೊದಲು ಕೈಕೊಡುವುದು ಹೆಚ್ಚಿನ ಆವರ್ತನದ ಸದ್ದುಗಳು. ಸ, ಶ, ತ, ಕ ಮಸುಕಾಗಿ 'ತಾಸು' ಎಂದದ್ದು 'ಕಾಸು' ಎಂದು ಕೇಳಿಸುತ್ತದೆ. ಮೊಬೈಲ್ ಆ್ಯಪ್‌ನ ಪರೀಕ್ಷೆ ಎಚ್ಚರಿಕೆಯ ಸೂಚನೆಯಷ್ಟೆ. ಎರಡೂ ಕಿವಿಗಳ ವರದಿಯ ಪ್ರತಿ ಪಡೆದು ಫೋನ್‌ನಲ್ಲೂ ಫೋಟೊ ತೆಗೆದಿಡಿ. ಯಾವ ಟೆಲಿ ಸೇವೆಗೆ ಹೋದರೂ ಅದೇ ಆಧಾರ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) 1965ರಿಂದ ಶ್ರವಣ ಪರೀಕ್ಷೆ, ಆರೈಕೆಯ ಕೆಲಸದಲ್ಲಿದೆ. ಅಲ್ಲಿ ಟೆಲಿ ಸೇವೆಯೂ ಲಭ್ಯ.

3. ಪರದೆಯ ಆಚೆ ಇರುವವರು ಯಾರು?

ಭಾರತದಲ್ಲಿ ಆಡಿಯಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ. 'ಹಿಯರಿಂಗ್ ಎಕ್ಸ್‌ಪರ್ಟ್' ಎಂದಷ್ಟೇ ಹೇಳಿಕೊಳ್ಳುವವರು ಮಾರಾಟ ಪ್ರತಿನಿಧಿಯೂ ಆಗಿರಬಹುದು. ಮನೆಯ ಹಿರಿಯರ ಜೊತೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆಯೇ ಎಂದೂ ಕೇಳಿ. ತೊಂದರೆಯನ್ನು ತಮ್ಮ ಮಾತಿನಲ್ಲೇ ಹೇಳಿಕೊಂಡರೆ ಹೊಂದಾಣಿಕೆ ಸಲೀಸು.

4. ಸಾಧನದ ಆಯ್ಕೆ

ಆನ್‌ಲೈನ್‌ನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಆ್ಯಂಪ್ಲಿಫೈಯರ್‌ಗಳು ಸಾಮಾನ್ಯವಾಗಿ ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತವೆ. ಪಾತ್ರೆ ಬಿದ್ದ ಸದ್ದೂ ಮಾತಿನಷ್ಟೇ ಜೋರಾಗುತ್ತದೆ. ನಿಮಗೆ ಬೇಕಾದುದು ಆಡಿಯೋಗ್ರಾಂಗೆ ತಕ್ಕಂತೆ ಪ್ರೋಗ್ರಾಂ ಮಾಡಬಹುದಾದ ಡಿಜಿಟಲ್ ಸಾಧನ.

ತೀವ್ರ ದೋಷಕ್ಕೆ ಕಿವಿಯ ಹಿಂದೆ ಕೂರುವ ಬಿಟಿಇ ಮಾದರಿ ಹೆಚ್ಚು ಸೂಕ್ತ. ಕಿವಿಯೊಳಗೆ ಅಡಗುವ ಪುಟ್ಟ ಸಾಧನ ನೋಡಲು ಚೆಂದ. ಆದರೆ ಅದರ ಬ್ಯಾಟರಿ ಬದಲಿಸುವುದು ನಡುಗುವ ಬೆರಳುಗಳಿಗೆ ಕಷ್ಟ. ಅಂಥವರಿಗೆ ರೀಚಾರ್ಜ್ ಮಾದರಿ ವಾಸಿ. ಎರಡು ಪ್ರಶ್ನೆ ಮರೆಯದಿರಿ: ಈ ಸಾಧನವನ್ನು ದೂರದಿಂದ ಪ್ರೋಗ್ರಾಂ ಮಾಡಬಹುದೇ? ಅದರ ಆ್ಯಪ್ ನಮ್ಮ ಫೋನ್‌ನಲ್ಲಿ ನಡೆಯುತ್ತದೆಯೇ?

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ವೈದ್ಯರ ಚೀಟಿಯಿಲ್ಲದೆ ಶ್ರವಣ ಸಾಧನ ಕೊಳ್ಳಬಹುದು. ಅವು 18 ದಾಟಿದವರ ಅಲ್ಪ ಮತ್ತು ಮಧ್ಯಮ ದೋಷಕ್ಕೆ ಮಾತ್ರ. ಅಲ್ಲಿಂದ ಅಪ್ಪ ಅಮ್ಮನಿಗೆ ಕಳಿಸುವ ಮಕ್ಕಳು ಮೊದಲು ಇಲ್ಲಿನ ಆಡಿಯೋಗ್ರಾಂ ತರಿಸಿಕೊಳ್ಳಲಿ; ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದೂ ವಿಚಾರಿಸಲಿ.

5. ಹಣ ಕೊಡುವ ಮುನ್ನ ಬರೆಸಿಕೊಳ್ಳಿ

• ಬಳಸಿ ನೋಡುವ ಅವಧಿ ಎಷ್ಟು ದಿನ? ಹಿಂದಿರುಗಿಸಿದರೆ ಎಷ್ಟು ಹಣ ವಾಪಸ್?
• ಎಷ್ಟು ವಿಡಿಯೊ ಭೇಟಿಗಳು ಬೆಲೆಯಲ್ಲಿ ಸೇರಿವೆ?
• ವಾರಂಟಿ ಎಷ್ಟು ವರ್ಷ? ರಿಪೇರಿ ಎಲ್ಲಿ? ಆ ದಿನಗಳಿಗೆ ಬದಲಿ ಸಾಧನ ಕೊಡುತ್ತಾರೆಯೇ?
• ಹತ್ತಿರದಲ್ಲಿ ನೇರವಾಗಿ ತೋರಿಸುವ ಕೇಂದ್ರ ಯಾವುದು?

ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್‌ನಲ್ಲಿ ಸೇರಿಸಿದ್ದರೆ ಪ್ರಶ್ನಿಸಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

6. ವಿಡಿಯೊ ಭೇಟಿಗೆ ತಯಾರಿ

ಫೋನ್, ಸಾಧನ ಎರಡೂ ಪೂರ್ತಿ ಚಾರ್ಜ್ ಆಗಿರಲಿ. ನೆಟ್‌ವರ್ಕ್ ಚೆನ್ನಾಗಿರುವ, ಫ್ಯಾನ್ ಸದ್ದಿಲ್ಲದ ಜಾಗದಲ್ಲಿ ಕೂರಿಸಿ, ಮನೆಯವರೊಬ್ಬರು ಜೊತೆಗಿರಿ. 'ಸರಿಯಾಗಿ ಕೇಳಲ್ಲ' ಎಂಬಷ್ಟರಿಂದ ತಜ್ಞರಿಗೆ ಏನೂ ತಿಳಿಯದು. 'ಕುಕ್ಕರ್ ಸೀಟಿ ಚುಚ್ಚುತ್ತದೆ', 'ಮೊಮ್ಮಗಳ ಮಾತು ಹಿಡಿಯುವುದಿಲ್ಲ', 'ಮದುವೆಮನೆಯಲ್ಲಿ ಬರೀ ಗದ್ದಲ' ಎಂದು ವಾರವಿಡೀ ಬರೆದಿಟ್ಟು ಓದಿ ಹೇಳಿ. ಸಾಧನ ಸದಾ ಕುಂಯ್‌ಗುಟ್ಟುತ್ತಿದ್ದರೆ ಅದು ಕಿವಿಗೆ ಸರಿಯಾಗಿ ಕೂತಿಲ್ಲದಿರಬಹುದು. ಅದನ್ನೂ ಕಿವಿ ನೋವನ್ನೂ ನೇರವಾಗಿ ತೋರಿಸಬೇಕು.

7. ದಿನಕ್ಕೊಮ್ಮೆ ಆರು ಸದ್ದು

ಆಡಿಯಾಲಜಿಸ್ಟ್‌ಗಳು ಬಳಸುವ ಸರಳ ಪರೀಕ್ಷೆಯೊಂದನ್ನು ಮನೆಯಲ್ಲೇ ಮಾಡಬಹುದು. ನಿಮ್ಮ ತುಟಿ ಅವರಿಗೆ ಕಾಣದಂತೆ ಹಿಂದೆ ನಿಂತು ಮ್, ಊ, ಆ, ಈ, ಶ್, ಸ್ ಎಂದು ಕ್ರಮ ತಪ್ಪಿಸಿ ಹೇಳಿ. ಕೇಳಿದ್ದನ್ನು ಅವರು ತಿರುಗಿ ಹೇಳಲಿ. ನಿನ್ನೆ ಹಿಡಿದ ಸದ್ದು ಇಂದು ತಪ್ಪಿದರೆ ಬ್ಯಾಟರಿ, ಗುಗ್ಗೆ, ತೇವ ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಸಾಧನವನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಹೊಸ ಸದ್ದಿಗೆ ಮಿದುಳು ಒಗ್ಗಲು ಕೆಲವು ವಾರಗಳೇ ಬೇಕು. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಏರಿಸುತ್ತ ಹೋಗಿ.

ಸರ್ಕಾರಿ ನೆರವು

ಶೇ 40 ಅಥವಾ ಹೆಚ್ಚಿನ ಶ್ರವಣ ದೋಷದ ಪ್ರಮಾಣಪತ್ರ ಇರುವವರಿಗೆ, ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ, ಕೇಂದ್ರದ ಎಡಿಐಪಿ ಯೋಜನೆಯಡಿ ಸಾಧನ ಉಚಿತ. ಬಡ ಹಿರಿಯ ನಾಗರಿಕರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸಾಧನದ ಫಲ ನಿಂತಿರುವುದು ಮೊದಲ ಕೆಲವು ತಿಂಗಳ ಆರೈಕೆಯ ಮೇಲೆ. ಆ ಆರೈಕೆಯ ಭರವಸೆಯನ್ನು ಬರೆದುಕೊಡಲು ಮಾರುವವರು ಹಿಂಜರಿದರೆ, ರಿಯಾಯಿತಿ ಎಷ್ಟೇ ಇರಲಿ, ಬೇರೆಡೆ ನೋಡಿ.